ಅಳಿವೆಯ ಈಚೆ ನಾಲ್ಕು ದಿನ

ಶುಕ್ರವಾರ

ನಮ್ಮ ಹಿರಿಯೂರಿನ ಬೀದಿಗೆ ವಾರಕ್ಕೊಂದು ಸಲ, ಶುಕ್ರವಾರ ಬೆಳಗ್ಗೆ, ಬೈಕೊಂದು ಬರುತ್ತದೆ. ಹಿಂದಿನ ಸೀಟಿನ ಮೇಲೆ ಥರ್ಮಾಕೋಲ್ ಡಬ್ಬ, ಅದಕ್ಕೆ ಹಳೇ ಸೈಕಲ್ ಟ್ಯೂಬಿನ ಬಿಗಿ. "ಮಂಗ್ಳೂರ್ ಮೀನೂ" ಎಂದು ಎರಡು ಸಲ ಕೂಗಿ ಬೇವಿನ ಮರದ ಕೆಳಗೆ ನಿಲ್ಲುತ್ತಾನೆ. ಮಾರಿಕಣಿವೆ ಜಲಾಶಯದ ಕಾಟ್ಲಾ, ರೋಹು ತಿಂದು ಬೆಳೆದ ನಮಗೆ ಆ ಡಬ್ಬದೊಳಗಿನ ಬಂಗುಡೆ ದೂರದ ನೆಂಟನಿದ್ದ ಹಾಗೆ. ಅದು ಎಲ್ಲಿಂದ ಹೊರಟಿತು, ನೀರು ಬಿಟ್ಟು ಎಷ್ಟು ದಿನವಾಯಿತು, ಯಾರ ಯಾರ ಕೈ ದಾಟಿತು ಎಂದು ನಾನು ಒಮ್ಮೆಯೂ ಕೇಳಿದವಳಲ್ಲ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳತಿ ಮಲ್ಪೆಯವಳು. ಅವಳ ಅಮ್ಮ ನಲವತ್ತು ವರ್ಷದಿಂದ ಮೀನು ಮಾರುತ್ತಾರೆ. "ಅಮ್ಮನ ಜೊತೆ ನಾಲ್ಕು ದಿನ ಇದ್ದು ಹೋಗು, ಎಲ್ಲ ಗೊತ್ತಾಗ್ತದೆ" ಎಂದು ಅವಳು ಕರೆಯುತ್ತಲೇ ಇದ್ದಳು. ಡಿಸೆಂಬರಿನಲ್ಲಿ ರಜೆ ಹಾಕಿ ಹೊರಟೆ.

ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸಿನಲ್ಲಿ ಆರು ಕಿಲೋಮೀಟರು. ಪಾಪನಾಶಿನಿ ಎಂದೂ ಕರೆಯುವ ಉದ್ಯಾವರ ಹೊಳೆ ಕಡಲು ಸೇರುವ ಅಳಿವೆಯ ಒಳಗಡೆ ಬಂದರು. ಗೆಳತಿಯ ಮನೆ ಹೊಳೆಯ ಆಚೆ ದಡದಲ್ಲಿ, ಪಡುಕೆರೆಯಲ್ಲಿ. ಸೇತುವೆ ದಾಟಿದರೆ ತೆಂಗಿನ ತೋಟಗಳ ಒಂದು ಸಪೂರ ಪಟ್ಟಿ. ಮನೆಯ ಮುಂದಿನ ಬಾಗಿಲಲ್ಲಿ ನಿಂತರೆ ಹೊಳೆ, ಹಿಂದಿನ ಬಾಗಿಲು ತೆರೆದರೆ ಕಡಲು. ಬಯಲುಸೀಮೆಯವಳಾದ ನನಗೆ ಆ ರಾತ್ರಿ ಎರಡು ಕಡೆಯ ನೀರಿನ ನಡುವೆ ಮಲಗಿದ್ದೇನೆ ಎಂಬ ಯೋಚನೆಗೇ ನಿದ್ದೆ ಹತ್ತಲಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಿಂಬುಳಿ ಹಾಕಿದ ಬಂಗುಡೆ ಸಾರು. ನಮ್ಮೂರಿನ ಬಂಗುಡೆಗೂ ಇದಕ್ಕೂ ಹೆಸರೊಂದೇ. ನಾನು ಹಾಗೆಂದಾಗ ಅಮ್ಮ ನಗಲಿಲ್ಲ. "ನಿಮ್ಮೂರಿಗೆ ಬರುವ ಆ ಬೈಕಿನವ ಐಸ್ ಎಷ್ಟು ಹಾಕ್ತಾನೆ?" ಎಂದು ಕೇಳಿದರು. ನಾನು ನೋಡಿರಲಿಲ್ಲ. "ಮೀನಿಗೆ ಅರ್ಧ ಐಸ್ ಆದ್ರೂ ಬೇಕು. ಕೇಳು ಅವನತ್ರ" ಎಂದು ಎದ್ದು ಹೋದರು. ಬಾಗಿಲಿನಿಂದ ತಿರುಗಿ, "ಮೂರಕ್ಕೆ ಏಳಬೇಕು ಮಗಾ. ಮಲಗು ಈಗ" ಎಂದರು.

ಶನಿವಾರ

ಬೆಳಗಿನ ಜಾವ ಮೂರೂವರೆಗೆ ಸೇತುವೆಯ ಮೇಲೆ ನಿಂತು ನೋಡಿದರೆ ಬಂದರು ಜಾತ್ರೆಯಂತೆ ಉರಿಯುತ್ತಿತ್ತು. ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಾಲ್ಕೈದು ಸಾಲು ನಿಂತಿವೆ. ದಕ್ಕೆಗೆ, ಅಂದರೆ ಬೋಟು ಕಟ್ಟುವ ಕಟ್ಟೆಗೆ, ತಾಗಿದ ಬೋಟು ಒಂದೇ. ಅದರ ಹಿಂದಿನ ಬೋಟಿನ ಮೀನು ಅದರ ಮೇಲೆಯೇ ಹಾದು ಬರಬೇಕು. ಜನ ಒಂದು ಬೋಟಿನಿಂದ ಇನ್ನೊಂದಕ್ಕೆ ನಮ್ಮೂರಿನವರು ಬದುವಿನಿಂದ ಬದುವಿಗೆ ದಾಟುವಷ್ಟು ಸಲೀಸಾಗಿ ದಾಟುತ್ತಿದ್ದರು.

ಎಲ್ಲವೂ ಬೋಟು ಅಂತಲೇ ನಾನು ಅಂದುಕೊಂಡಿದ್ದೆ. ಅಮ್ಮ ನಡೆಯುತ್ತಲೇ ಕೈ ತೋರಿಸಿ ಬೇರೆ ಬೇರೆ ಮಾಡಿದರು. ದೊಡ್ಡವು ಆಳಸಮುದ್ರದ ಟ್ರಾಲ್ ಬೋಟುಗಳು; ಏಳೆಂಟು ಜನ ಹತ್ತು ಹನ್ನೆರಡು ದಿನ ನೀರಿನ ಮೇಲೆಯೇ ಇರುತ್ತಾರೆ. ಅದಕ್ಕಿಂತ ಚಿಕ್ಕವು ತ್ರಿಸೆವೆಂಟಿ. ಬೆಳಗ್ಗೆ ಹೋಗಿ ಸಂಜೆಗೆ ಸಿಗಡಿ ತರುವವು ಸಣ್ಣಟ್ರಾಲ್. ಸುತ್ತು ಬಲೆಯ ಪರ್ಸಿನ್ ಬೋಟಿಗೆ ಮಾತ್ರ ಇಪ್ಪತ್ತೈದು ಮೂವತ್ತು ಜನ ಬೇಕು, ಬೂತಾಯಿ ಬಂಗುಡೆಗಳ ಹಿಂಡು ಕಂಡರೆ ಅವರು ಸುತ್ತ ಬಲೆ ಬಿಟ್ಟು ಕೆಳಗಿನ ಬಾಯಿ ಚೀಲದ ಹಾಗೆ ಎಳೆದು ಮುಚ್ಚುತ್ತಾರೆ. ಹೊಳೆಯ ಅಂಚಿನಲ್ಲಿ ಬಾಲ ಎತ್ತಿಕೊಂಡಂತೆ ಔಟ್‌ಬೋರ್ಡ್ ಎಂಜಿನ್ ಎತ್ತಿಟ್ಟುಕೊಂಡವು ನಾಡದೋಣಿಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳಿಗೆಲ್ಲ ರಜೆ. ಮೀನು ಮೊಟ್ಟೆ ಇಡುವ ಆ ಮಳೆಗಾಲದಲ್ಲಿ ಕಡಲಿಗಿಳಿಯುವ ಹಕ್ಕು ನಾಡದೋಣಿಯವರಿಗೆ ಮಾತ್ರ, ಅದೂ ಕಡಲು ಬಿಟ್ಟ ದಿನ.

ದಕ್ಕೆಯ ಮೇಲೆ ಒಂದು ಆಳಸಮುದ್ರ ಬೋಟು ಖಾಲಿಯಾಗುತ್ತಿತ್ತು. ಹೊಟ್ಟೆಯೊಳಗಿನ ಐಸ್ ಕೋಣೆಯಿಂದ ಇಬ್ಬರು ಸಲಿಕೆಯಲ್ಲಿ ಮೀನು ತುಂಬಿ ಕೊಟ್ಟರೆ ಮೇಲಿನವರು ಬುಟ್ಟಿ ಎಳೆದುಕೊಂಡು ನೆಲಕ್ಕೆ ಸುರಿಯುತ್ತಿದ್ದರು. ಬುಟ್ಟಿ ಎತ್ತುತ್ತಿದ್ದ ಹುಡುಗರು ಒಡಿಶಾ, ಜಾರ್ಖಂಡಿನ ಕಡೆಯವರು. ಅವರಿಗೆ ತುಳುವಿನ ಅಂಕಿಗಳು, ಮೀನಿನ ಹೆಸರುಗಳು ಬಾಯಿಪಾಠ. ಸುರಿದ ರಾಶಿಯ ಸುತ್ತ ಹೆಂಗಸರು ಕುಕ್ಕರಗಾಲಲ್ಲಿ ಕೂತು ಆಯುತ್ತಿದ್ದರು. ಗುಲಾಬಿ ಬಣ್ಣದ ರಾಣಿ ಮೀನು ಒಂದು ಕಡೆ, ಉದ್ದ ಬೆಳ್ಳಿ ಪಟ್ಟಿಯಂಥ ಪಾಂಬೋಲ್ ಒಂದು ಕಡೆ, ಬೊಂಡಾಸ್ ಒಂದು ಕಡೆ. ಕಪ್ಪೆ ಬೊಂಡಾಸ್ ಆಯುವವರ ಮೊಣಕೈವರೆಗೆ ಅದು ಕಾರಿದ ಮಸಿ. ಕೈಗಳು ನೋಡದೆಯೇ ಆಯುತ್ತಿದ್ದವು, ಕಣ್ಣು ಮಾತಾಡುವವರ ಮುಖದ ಮೇಲಿರುತ್ತಿತ್ತು. ಅಮ್ಮನಿಗೆ ಅಲ್ಲಿ ಎಲ್ಲರೂ ಪರಿಚಯ. ಒಬ್ಬರು ನನ್ನನ್ನು ನೋಡಿ ತುಳುವಿನಲ್ಲಿ ಏನೋ ಕೇಳಿದರು. "ಮಗಳ ಜೊತೆ ಕಲಿತವಳು, ಘಟ್ಟದ ಮೇಲಿನವಳು" ಎಂದು ಅಮ್ಮ ನನಗೂ ತಿಳಿಯಲೆಂದು ಕನ್ನಡದಲ್ಲೇ ಉತ್ತರ ಕೊಟ್ಟರು.

ಏಲಂ ಶುರುವಾದದ್ದು ನನಗೆ ಗೊತ್ತೇ ಆಗಲಿಲ್ಲ. ಕೂಗುವವನ ಸುತ್ತ ಇಪ್ಪತ್ತು ಮೂವತ್ತು ಜನ ಸೇರಿದರು, "ರಡ್ಡ್ ಸಾರ, ರಡ್ಡ್ ಸಾರ" (ಎರಡು ಸಾವಿರ) ಎಂದು ಅವನು ಒಂದೇ ಉಸಿರಿನಲ್ಲಿ ಏರುತ್ತಾ ಹೋದ, ಯಾರೋ ಗಲ್ಲ ಎತ್ತಿದರು, ಇನ್ಯಾರೋ ಬೆರಳು ಆಡಿಸಿದರು, ಮುಗಿದೇ ಹೋಯಿತು. ಒಂದು ರಾಶಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅಷ್ಟರೊಳಗೆ ಅದು ಎಷ್ಟು ಕೆ.ಜಿ. ಇದೆ, ಅದರಲ್ಲಿ ದೊಡ್ಡದೆಷ್ಟು ಚಿಕ್ಕದೆಷ್ಟು, ಒಡೆದದ್ದೆಷ್ಟು, ಇಂದು ಉಡುಪಿಯಲ್ಲಿ ಅದಕ್ಕೆ ಏನು ಬೆಲೆ ಸಿಕ್ಕೀತು ಎಂದು ಕೊಳ್ಳುವವರ ತಲೆಯಲ್ಲಿ ಲೆಕ್ಕ ಮುಗಿದಿರಬೇಕು. ತಪ್ಪಿದರೆ ಆ ದಿನದ ದುಡಿಮೆ ಹೋಯಿತು.

ಅಮ್ಮ ಮೊದಲ ಮೂರು ರಾಶಿಗಳನ್ನು ಮುಟ್ಟಲೇ ಇಲ್ಲ. "ಇದು ಯಾಕೆ ಬೇಡ?" ಎಂದು ಕೇಳಿದೆ. ಅವರು ಒಂದು ಬಂಗುಡೆ ಎತ್ತಿ ನನ್ನ ಅಂಗೈಗಿಟ್ಟರು. "ಹತ್ತು ದಿನ ಹೋದ ಬೋಟಿನಲ್ಲಿ ಹತ್ತು ಪ್ರಾಯದ ಮೀನು ಇರ್ತದೆ. ಮೊದಲ ದಿನ ಹಿಡಿದದ್ದು ಅಡಿಯಲ್ಲಿ, ನಿನ್ನೆ ಹಿಡಿದದ್ದು ಮೇಲೆ. ಇದು ಅಡಿಯದ್ದು. ಕಣ್ಣು ನೋಡು, ಒಳಗೆ ಹೋಗಿದೆ. ಕಿವಿರು ಎತ್ತಿ ನೋಡು, ಕಂದು ಆಗಿದೆ, ಕೆಂಪಿಲ್ಲ. ಹೊಟ್ಟೆ ಒತ್ತು." ಒತ್ತಿದೆ. ಬೆರಳಿನ ಗುಳಿ ಹಾಗೇ ಉಳಿಯಿತು. "ಹಾಳಾಗಿಲ್ಲ. ತಿನ್ನಬಹುದು. ನಾನು ಕೊಡುವ ಮನೆಯವರಿಗೆ ಇದು ಆಗುವುದಿಲ್ಲ" ಎಂದು ಮರಳಿ ರಾಶಿಗೆ ಹಾಕಿದರು. ನಾಲ್ಕನೆಯ ರಾಶಿಗೆ ಅವರೂ ಇನ್ನಿಬ್ಬರು ಹೆಂಗಸರೂ ಕಣ್ಣಲ್ಲೇ ಮಾತಾಡಿ ಒಟ್ಟಾಗಿ ಕೂಗಿದರು. ಒಬ್ಬೊಬ್ಬರೇ ದೊಡ್ಡ ರಾಶಿ ಕೊಳ್ಳಲು ಆಗುವುದಿಲ್ಲ. ಮೂವರು ಸೇರಿ ಕೊಂಡು ಅಲ್ಲೇ ನೆಲದ ಮೇಲೆ ಮೂರು ಪಾಲು ಮಾಡಿಕೊಳ್ಳುತ್ತಾರೆ. ಪಾಲು ಮಾಡುವಾಗ ತಕ್ಕಡಿ ಇಲ್ಲ. ಒಬ್ಬರು ಪಾಲು ಹಾಕಿದರೆ ಉಳಿದಿಬ್ಬರು ಮೊದಲು ಆರಿಸುತ್ತಾರೆ. ನಮ್ಮ ಮನೆಯಲ್ಲಿ ಅಣ್ಣ ತಮ್ಮಂದಿರ ಜಮೀನು ಭಾಗವಾದಾಗ ಇಂಥ ಒಂದು ಉಪಾಯ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ಹಣ ಕೈ ಬದಲಾಗಲಿಲ್ಲ. ಕೂಗಿದವನು ಒಂದು ಪುಸ್ತಕದಲ್ಲಿ ಗೀಚಿಕೊಂಡ, ಅಷ್ಟೆ. ಮಾರಿ ಬಂದು ಕೊಡುವುದು. ಅಮ್ಮ ನಲವತ್ತು ವರ್ಷದಲ್ಲಿ ಬ್ಯಾಂಕಿನ ಸಾಲ ಪಡೆದದ್ದು ಮನೆ ಕಟ್ಟುವಾಗ ಒಂದೇ ಸಲ. ಆದರೆ ಬಂದರಿನ ಪುಸ್ತಕದಲ್ಲಿ ಅವರ ಹೆಸರು ದಿನವೂ ಬರೆಯಲ್ಪಟ್ಟು ದಿನವೂ ಹೊಡೆಯಲ್ಪಟ್ಟಿದೆ.

ಆರು ಗಂಟೆಗೆ ಬೆಳಕು ಹರಿಯುವಾಗ ದೊಡ್ಡ ಮೀನೆಲ್ಲ ಹೊರಟಾಗಿತ್ತು. ಅಂಜಲ್, ಮಾಂಜಿ ದೊಡ್ಡ ಊರಿನ ಹೋಟೆಲುಗಳಿಗೆ. ಬೊಂಡಾಸ್, ಪಾಂಬೋಲ್ ವಿದೇಶಕ್ಕೆ ಕಳಿಸುವ ಕಂಪನಿಯವರ ಲಾರಿಗೆ. ರಾಣಿ ಮೀನು ಸುರಿಮಿ ಮಾಡುವ ಕಾರ್ಖಾನೆಗೆ. ಮಾಂಸವನ್ನು ತೊಳೆದು ಅರೆದು ಹದ ಮಾಡಿ ಜಪಾನಿನಂಥ ದೇಶಗಳಿಗೆ ಕಳಿಸುವ ಹಿಟ್ಟಿನಂಥ ವಸ್ತು ಅದು.

ಕೊನೆಯಲ್ಲಿ ಉಳಿದ ರಾಶಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಬೆರಳುದ್ದದ ಮರಿಗಳು, ಸಣ್ಣ ಏಡಿ, ಹೆಸರೇ ಇಲ್ಲದ ಪುಡಿ ಮೀನು ಎಲ್ಲ ಕೂಡಿ ಕೆಸರಿನ ಬಣ್ಣಕ್ಕೆ ತಿರುಗಿದ್ದವು. ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬುತ್ತಿದ್ದರು. ಫಿಶ್‌ಮೀಲ್ ಕಾರ್ಖಾನೆಗೆ, ಅಲ್ಲಿ ಬೇಯಿಸಿ ಎಣ್ಣೆ ಹಿಂಡಿ, ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಸಾಕಿದ ಸಿಗಡಿಗೆ, ಕೋಳಿಗೆ ಆಹಾರ. ರಾಶಿಯಿಂದ ನಾನು ಒಂದು ಮರಿ ಎತ್ತಿಕೊಂಡೆ. ಕಿರುಬೆರಳಿನಷ್ಟಿತ್ತು. "ಇದು ಅಂಜಲಿನ ಮರಿ" ಎಂದರು ಅಮ್ಮ. "ಎರಡು ವರ್ಷ ಬಿಟ್ಟಿದ್ರೆ ನಿನ್ನ ತೋಳಿನಷ್ಟು ಆಗ್ತಿತ್ತು." ಬಲೆಯ ಕೊನೆಯ ಚೀಲದ ಕಣ್ಣು 35 ಮಿಲಿಮೀಟರಿನ ಚೌಕ ಇರಬೇಕೆಂದು ಸರ್ಕಾರದ ನಿಯಮವಿದೆ, ಮರಿಗಳು ನುಸುಳಿ ಹೋಗಲಿ ಎಂದು. ಆ ನಿಯಮ ದಿನವೂ ನೀರಿನಲ್ಲಿ ಪಾಲನೆಯಾದರೆ ಈ ರಾಶಿ ಇಷ್ಟು ದೊಡ್ಡದಿರಲು ಸಾಧ್ಯವಿಲ್ಲ ಎಂದು ನನಗೆ ಅನ್ನಿಸಿತು. ದಕ್ಕೆಯಲ್ಲಿ ಮಾತಾಡಿದ ಯಾರೂ ಅದು ಸರಿ ಎನ್ನಲಿಲ್ಲ. ಡೀಸೆಲ್ ದರ ಹೇಳಿದರು, ಬಡ್ಡಿ ಹೇಳಿದರು, ಪಕ್ಕದ ಬೋಟು ಹಿಡಿಯುವಾಗ ನಾನೊಬ್ಬ ಬಿಟ್ಟರೆ ಏನಾಯಿತು ಎಂದರು. ಅವರ ಕಷ್ಟ ಸುಳ್ಳಲ್ಲ. ಆ ಮರಿಯೂ ಸುಳ್ಳಲ್ಲ.

ಒಬ್ಬ ತಾಂಡೇಲರ ಜೊತೆ ಚಹಾ ಕುಡಿದೆ. ಹೊನ್ನಾವರದ ಕಡೆಯವರು, ಬೋಟು ನಡೆಸುವ ಮುಖ್ಯಸ್ಥ. ಹೋಗುವಾಗ ಐದಾರು ಸಾವಿರ ಲೀಟರ್ ಡೀಸೆಲ್, ನೂರಾರು ಐಸ್ ಗಡ್ಡೆ, ಅಕ್ಕಿ, ತರಕಾರಿ, ಕುಡಿಯುವ ನೀರು. ಬಲೆ ಬಿಟ್ಟು ಮೂರು ತಾಸು ಎಳೆಯುವುದು, ಎತ್ತುವುದು, ಆಯ್ದು ಐಸ್ ಹಾಕುವುದು, ಮತ್ತೆ ಬಿಡುವುದು. ಹಗಲು ರಾತ್ರಿ ಇದೇ. ನಿದ್ದೆ ಎರಡೆರಡು ತಾಸಿನ ತುಂಡುಗಳಲ್ಲಿ. ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದು ಮಾಲೀಕರಿಗೂ ಬೋಟಿನವರಿಗೂ ಪಾಲು. ಮೀನಿಲ್ಲದೆ ಬಂದರೆ ಭತ್ಯೆ ಮಾತ್ರ. "ಈಗ ಉಪಗ್ರಹದಿಂದ ನೀರಿನ ಬಿಸಿ ನೋಡಿ ಇಲ್ಲಿ ಮೀನಿರಬಹುದು ಅಂತ ಹೈದರಾಬಾದಿನಿಂದ ಮಾಹಿತಿ ಬರ್ತದೆ. ಒಳ್ಳೇದೇ. ಆದ್ರೆ ಎಲ್ರಿಗೂ ಒಟ್ಟಿಗೇ ಬರ್ತದಲ್ಲ" ಎಂದರು. ರಾತ್ರಿ ದೊಡ್ಡ ಎಲ್ಇಡಿ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ಮಾತು ಬಂದಾಗ ಅವರ ಮುಖ ಬಿಗಿಯಿತು. "ಅದು ಮೀನುಗಾರಿಕೆ ಅಲ್ಲ ಅಕ್ಕ. ಕಡಲಿನ ಮನೆಗೆ ರಾತ್ರಿ ನುಗ್ಗಿದ ಹಾಗೆ."

ಎದ್ದು ಹೋಗುವ ಮೊದಲು ಅವರು ಮೀನಿನ ಹೆಸರುಗಳನ್ನು ಹೇಳಿಕೊಟ್ಟರು. ಇಲ್ಲಿ ಅಂಜಲ್ ಎನ್ನುವುದು ಉತ್ತರ ಕನ್ನಡದಲ್ಲಿ ಇಸ್ವಾಣ. ಇಲ್ಲಿಯ ಬೂತಾಯಿ ಕುಂದಾಪುರ ತಲುಪುವಾಗ ಬೈಗೆ, ಕಾರವಾರ ತಲುಪುವಾಗ ತಾರ್ಲೆ. 320 ಕಿಲೋಮೀಟರಿನ ಕರಾವಳಿಯಲ್ಲಿ ಒಂದೇ ಮೀನು ಊರಿಗೊಂದು ಹೆಸರು ಇಟ್ಟುಕೊಂಡು ಈಜುತ್ತದೆ. ಹಿರಿಯೂರು ತಲುಪುವಾಗ ಎಲ್ಲವೂ "ಮಂಗ್ಳೂರ್ ಮೀನು".

ಮಧ್ಯಾಹ್ನ ಮಲಗಿದವಳು ಕತ್ತಲಾದ ಮೇಲೆ ಎದ್ದೆ. ಅಮ್ಮ ಆಗಲೇ ಮಾರಿ ಬಂದು, ಲೆಕ್ಕ ಮುಗಿಸಿ, ಸೀರೆ ಒಗೆದು ಹಾಕಿದ್ದರು.

ಭಾನುವಾರ

ವಾರದಲ್ಲಿ ಅತಿ ಹೆಚ್ಚು ಮೀನು ಹೋಗುವ ದಿನ. ಸೋಮವಾರ, ಸಂಕ್ರಾಂತಿ ಎಂದು ಬಿಡುವವರೂ ಭಾನುವಾರ ಬಿಡುವುದಿಲ್ಲ. ಇವತ್ತು ಅಮ್ಮನ ಜೊತೆ ಮಾರಲು ಹೋದೆ.

ನಾಲ್ವರು ಹೆಂಗಸರು ಸೇರಿ ಒಂದು ಆಟೋ ಮಾಡಿಕೊಂಡಿದ್ದಾರೆ. ಮುಂಚೆ ಬುಟ್ಟಿ ತಲೆಯ ಮೇಲಿಟ್ಟು ನಡೆಯುತ್ತಿದ್ದರು, ಆಮೇಲೆ ಬಸ್ಸು. ಬಸ್ಸಿನಲ್ಲಿ ಒಮ್ಮೆ, ಮಗಳು ಹೊಟ್ಟೆಯಲ್ಲಿದ್ದಾಗ, ವಾಸನೆ ಎಂದು ಇಳಿಸಿಬಿಟ್ಟಿದ್ದರಂತೆ. ಅಮ್ಮ ಅದನ್ನು ಹೇಳುವಾಗ ಧ್ವನಿ ಏರಲಿಲ್ಲ. "ಅವತ್ತು ಬುಟ್ಟಿಯಲ್ಲಿ ಕಾಣೆ ಇತ್ತು. ಬಿಸಿಲಿಗೆ ಹಾಳಾಗ್ತದೆ ಅಂತ ಓಡಿದ್ದು ನೆನಪುಂಟು" ಎಂದರು. ನನಗೆ ಮಾತ್ರ ಇಡೀ ದಾರಿ ಅದೇ ಕಣ್ಣ ಮುಂದೆ ಇತ್ತು: ಬಸುರಿ ಹೆಂಗಸು, ತಲೆಯ ಮೇಲೆ ಮೀನು, ಮಧ್ಯಾಹ್ನದ ಟಾರು ರಸ್ತೆ.

ಉಡುಪಿಯ ಒಂದು ಬಡಾವಣೆಯಲ್ಲಿ ಇಳಿದೆವು. ಅಮ್ಮನಿಗೆ ಮನೆಮನೆಯ ನಾಲಿಗೆ ಗೊತ್ತು. ಈ ಮನೆಯ ಅಜ್ಜನಿಗೆ ಮುಳ್ಳು ಆಗುವುದಿಲ್ಲ, ಕಾಣೆ ಅಥವಾ ನಂಗ್ ಕೊಡಬೇಕು. ಆ ಮನೆಯಲ್ಲಿ ಬಾಣಂತಿ ಇದ್ದಾಳೆ, ಅವಳಿಗೆ ಸಣ್ಣ ತಾಟೆ (ಶಾರ್ಕ್) ತೆಗೆದಿಟ್ಟಿದ್ದಾರೆ. ಹಾಲು ಹೆಚ್ಚುತ್ತದೆ ಎಂಬುದು ಇಲ್ಲಿನ ನಂಬಿಕೆ. ಮೂಲೆಯ ಮನೆಯವರು ಚೌಕಾಸಿ ಮಾಡುತ್ತಾರೆ, ಅವರಿಗೆ ಹತ್ತು ರೂಪಾಯಿ ಮೇಲಿಟ್ಟೇ ಶುರು ಮಾಡಬೇಕು. ಒಂದು ಗೇಟಿನ ಮುಂದೆ ನಿಂತು ಕರೆಯದೆ ಮುಂದೆ ನಡೆದರು. "ಅವರ ಮಗ ತೀರಿಹೋಗಿ ತಿಂಗಳಾಗಿಲ್ಲ" ಎಂದರು.

ಅಂಗಳದಲ್ಲಿ ಮೆಟ್ಟುಕತ್ತಿಯ ಮೇಲೆ ಕಾಲೂರಿ ಕೂತು ಮೀನು ಹೆಚ್ಚುವುದನ್ನು ನೋಡುತ್ತಾ ಕೂತರೆ ಸಮಯ ಹೋಗುವುದು ತಿಳಿಯುವುದಿಲ್ಲ. ಕತ್ತಿ ಕದಲುವುದಿಲ್ಲ, ಮೀನೇ ಅದರ ಕಡೆಗೆ ಹೋಗುತ್ತದೆ. ರೆಕ್ಕೆ, ಬಾಲ, ಕಿವಿರು, ಹೊಟ್ಟೆ. ಬಂಗುಡೆಗೆ ನಾಲ್ಕು ಚಲನೆ. ನಂಗಿನ ಚರ್ಮವನ್ನು ಬಾಲದ ಕಡೆಯಿಂದ ಹಿಡಿದು ಕಾಲುಚೀಲ ಬಿಚ್ಚುವಂತೆ ಒಂದೇ ಎಳೆತಕ್ಕೆ ತೆಗೆದರು. ಸುತ್ತ ಏಳು ಬೆಕ್ಕುಗಳು. ಅವುಗಳ ಪಾಲೂ ಸರಿಯಾಗಿ ಹಂಚಿಕೆಯಾಯಿತು, ಕುಂಟು ಬೆಕ್ಕಿಗೆ ಮೊದಲು.

ಹನ್ನೊಂದಕ್ಕೆಲ್ಲ ಬುಟ್ಟಿ ತಳ ಕಂಡಿತು. ಉಳಿದ ಒಂದು ಕೆ.ಜಿ.ಯಷ್ಟು ಬೂತಾಯಿಯನ್ನು ಅಮ್ಮ ಅಲ್ಲೇ ಸೀಳಿ ಉಪ್ಪು ತುಂಬಿದರು. ಮನೆಯ ಹಿಂದೆ ಮರಳಿನ ಮೇಲೆ ಬಲೆ ಹಾಸಿ ಒಣಗಿಸುತ್ತಾರೆ. ಮಳೆಗಾಲದ ಎರಡು ತಿಂಗಳಿಗೆ ಇದೇ ಆಧಾರ, ಮಾರಲಿಕ್ಕೂ ಉಣ್ಣಲಿಕ್ಕೂ.

ಸಂಜೆ ಗೆಳತಿ ವಡಭಾಂಡೇಶ್ವರಕ್ಕೆ ಕರೆದುಕೊಂಡು ಹೋದಳು. ಬಲರಾಮನ ಗುಡಿ, ಕಡಲಿಗೆ ಹತ್ತಿರ. ಮಲ್ಪೆಯಾಚೆ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಉತ್ತರೀಯ ಬೀಸಿ ದಡ ಸೇರಿಸಿದರು, ಪ್ರತಿಫಲವಾಗಿ ಕೇಳಿ ಪಡೆದ ಗೋಪಿಚಂದನದ ಗಡ್ಡೆಗಳೊಳಗೆ ಬಲರಾಮ, ಕೃಷ್ಣರ ವಿಗ್ರಹಗಳಿದ್ದವು, ಕೃಷ್ಣ ಉಡುಪಿಗೆ ಹೋದ, ಬಲರಾಮ ಇಲ್ಲೇ ನಿಂತ ಎಂದು ಕಥೆ. ನೂಲ ಹುಣ್ಣಿಮೆಯ ಸಮಯದಲ್ಲಿ ಮೀನುಗಾರರು ಇಲ್ಲಿ ಪೂಜೆ ಮಾಡಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಅವರ ಇನ್ನೊಂದು ನಂಬುಗೆ ಬೊಬ್ಬರ್ಯ, ಕಡಲು ಕಾಯುವ ದೈವ.

ಬಲೆಗಿಂತ ಮೊದಲು ನಂಬಿಕೆ ಏಕೆ ಬೇಕು ಎನ್ನುವುದನ್ನು ಮರಳಿನ ಮೇಲೆ ಕೂತಾಗ ಗೆಳತಿ ಹೇಳಿದಳು. 2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಎಂಬ ಆಳಸಮುದ್ರ ಬೋಟು ಇದೇ ಅಳಿವೆ ದಾಟಿ ಹೋಯಿತು. ಏಳು ಜನ ಇದ್ದರು, ಉಡುಪಿಯವರು, ಉತ್ತರ ಕನ್ನಡದವರು. ಎರಡು ದಿನದ ನಂತರ ಸಂಪರ್ಕ ಕಡಿಯಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿಗೆ ಬಂದು ಹುಡುಕಿಕೊಡಿ ಎಂದು ಕೇಳಿದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದಾಚೆ ನೀರಿನಡಿಯಲ್ಲಿ ಅದರ ಅವಶೇಷ ಪತ್ತೆ ಮಾಡಿದ ಸುದ್ದಿ ಬಂತು. ಏಳು ಜನ ಮರಳಲಿಲ್ಲ. "ಆ ನಾಲ್ಕೂವರೆ ತಿಂಗಳು ಬಂದರಿನಲ್ಲಿ ಯಾವ ಹೆಂಗಸೂ ಜೋರಾಗಿ ನಕ್ಕದ್ದು ನಾನು ಕೇಳಲಿಲ್ಲ" ಎಂದಳು. ಅವಳ ಅಪ್ಪ ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು. ಅವರು ಕಡಲಿಗೆ ಹೋದ ದಿನದಿಂದ ಅಮ್ಮ ಒಲೆಯ ಮೇಲಿನ ಬಟ್ಟಲಲ್ಲಿ ದಿನಕ್ಕೊಂದು ಹುಣಸೆ ಬೀಜ ಹಾಕುತ್ತಿದ್ದರಂತೆ. ಹನ್ನೆರಡು ದಾಟಿದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತಂತೆ.

ಸೋಮವಾರ

ಬಂದರು ಇವತ್ತು ಸ್ವಲ್ಪ ಉಸಿರು ಬಿಟ್ಟಂತಿತ್ತು. ಅಪ್ಪ ನನ್ನನ್ನು ಮನೆಯ ಹಿಂದಿನ ಕಡಲ ತೀರಕ್ಕೆ ಕೈರಂಪಣಿ ತೋರಿಸಲು ಕರೆದುಕೊಂಡು ಹೋದರು. ದೋಣಿಯೊಂದು ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಅರ್ಧ ಚಂದ್ರಾಕಾರಕ್ಕೆ ಕಡಲಲ್ಲಿ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದುಕೊಟ್ಟಿತು. ಎರಡು ಹಗ್ಗಕ್ಕೂ ಜನ ಸಾಲುಗಟ್ಟಿ ಎಳೆಯತೊಡಗಿದರು. ನಾನೂ ಕೈ ಹಾಕಿದೆ. ಹಗ್ಗ ತಣ್ಣಗೆ, ಒರಟಾಗಿ, ಎಳೆದಷ್ಟೂ ಕಡಲೂ ಎಳೆಯುತ್ತದೆ. ಮುಕ್ಕಾಲು ಗಂಟೆಯ ನಂತರ ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಒಳಗೆ ಬೆಳ್ಳಗೆ ಮಿನುಗುವ ಬೊಳಂಜೀರ್, ಒಂದಿಷ್ಟು ಬೂತಾಯಿ, ಮೂರು ಏಡಿ. ಎಳೆದವರಿಗೆಲ್ಲ ಪಾಲು. ನನ್ನ ಸೆರಗಿಗೂ ಒಂದು ಹಿಡಿ ಬಿತ್ತು. ಬೇಡ ಎಂದರೆ ಯಾರೂ ಒಪ್ಪಲಿಲ್ಲ. ಹಗ್ಗ ಮುಟ್ಟಿದ ಮೇಲೆ ಪಾಲು ತೆಗೆದುಕೊಳ್ಳಲೇಬೇಕು.

"ಇದು ಮರಿ. ರಂಪಣಿ ನೀವು ನೋಡಬೇಕಿತ್ತು" ಎಂದರು ಅಪ್ಪ. ಅವರು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ನೂರರಷ್ಟು ಜನ ಎಳೆಯುವ ದೊಡ್ಡ ರಂಪಣಿಗಳಿದ್ದವು. ಮಳೆಗಾಲ ಮುಗಿದು ಬಂಗುಡೆ ದಡಕ್ಕೆ ಬಂದಾಗ ಮೀನಿನ ಹಿಂಡು ಬಲೆಯೊಳಗೆ ಸಿಕ್ಕರೆ ಎರಡು ಮೂರು ದಿನ ಬಲೆಯನ್ನು ನೀರಿನಲ್ಲೇ ಬಿಟ್ಟು, ಬೇಕಾದಷ್ಟನ್ನೇ ತೆಗೆಯುತ್ತಿದ್ದರಂತೆ. ಹುಡುಗರಿಗೆ, ವಿಧವೆಯರಿಗೆ, ದೇವಸ್ಥಾನಕ್ಕೆ ಪಾಲು ಇತ್ತಂತೆ. 1970ರ ದಶಕದ ನಡುವೆ ಪರ್ಸಿನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುವರಿಯುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಅಟ್ಟ ಸೇರಿದವು. ಅಪ್ಪ ಅದೇ ಪರ್ಸಿನ್ ಬೋಟಿನಲ್ಲಿ ಕಲಾಸಿಯಾಗಿ, ಅಂದರೆ ಕೆಲಸದಾಳಾಗಿ ಸೇರಿದರು. "ಬಲೆ ಕೊಂದವರ ಬೋಟಿನಲ್ಲೇ ಹೊಟ್ಟೆ ಹೊರೆದದ್ದು. ಬೇರೆ ಎಂತ ಮಾಡುವುದು? ಮನೆಯಲ್ಲಿ ಐದು ಜನ" ಎಂದು ಕಡಲ ಕಡೆ ನೋಡಿದರು. ಅವರ ಅಂಗೈ ಮುಟ್ಟಿ ನೋಡಿದೆ. ಹಗ್ಗ ಕೊರೆದ ಗೆರೆ ಕೈರೇಖೆಗಿಂತ ಆಳವಾಗಿದೆ.

ಸಂಜೆ ಬಸ್ಸಿಗೆ ಮೊದಲು ಮತ್ತೆ ದಕ್ಕೆಗೆ ಹೋದೆವು. ಶನಿವಾರ ಖಾಲಿಯಾದ ಅದೇ ಬೋಟಿಗೆ ಐಸ್ ತುಂಬುತ್ತಿದ್ದರು. ಗಡ್ಡೆಗಳು ಯಂತ್ರದ ಬಾಯಿಗೆ ಬಿದ್ದು ಪುಡಿಯಾಗಿ ಕೊಳವೆಯಲ್ಲಿ ಹೊಟ್ಟೆಗೆ ಸುರಿಯುತ್ತಿದ್ದವು. ತಾಂಡೇಲರು ಎಂಜಿನ್ನಿಗೆ ಊದುಬತ್ತಿ ಹಚ್ಚಿ ಕೈ ಮುಗಿದರು. ಬೋಟು ಸಾಲಿನಿಂದ ಬಿಡಿಸಿಕೊಂಡು, ಹೊಳೆಯ ನಡುವಿಗೆ ಬಂದು, ಅಳಿವೆಯಲ್ಲಿ ಎರಡು ಸಲ ಮೂತಿ ಎತ್ತಿ ಅಲೆ ಹತ್ತಿ ಇಳಿದು ಆಚೆ ಹೋಯಿತು. ಅಪ್ಪ ಅದರ ದೀಪ ಮರೆಯಾಗುವವರೆಗೂ ನಿಂತರು. ಅಮ್ಮ ಅತ್ತ ನೋಡಲಿಲ್ಲ; ಅವರು ನನ್ನ ಚೀಲಕ್ಕೆ ಒಣ ಸಿಗಡಿ ಕಟ್ಟು ಸೇರಿಸುತ್ತಿದ್ದರು, ಬಟ್ಟೆಗೆ ವಾಸನೆ ತಾಗದಂತೆ ಮೂರು ಪದರ ಕಾಗದ ಸುತ್ತಿ.

ಆಮೇಲಿನ ಶುಕ್ರವಾರ

ಬೇವಿನ ಮರದ ಕೆಳಗೆ ಬೈಕು ನಿಂತಿತು. ಡಬ್ಬ ತೆಗೆಯಪ್ಪಾ ಎಂದೆ. ತೆಗೆದ. ಮೇಲೆ ಒಂದು ಪದರ ಐಸ್, ಕೆಳಗೆ ನೀರು. "ಯಾಕಕ್ಕಾ, ಏನ್ ನೋಡ್ತಿದೀರ?" ಎಂದ. ಅವನು ನಡುರಾತ್ರಿ ಚಿತ್ರದುರ್ಗಕ್ಕೆ ಹೋಗಿ ಲಾರಿಯಿಂದ ಇಳಿಸಿಕೊಂಡು ಬರುತ್ತಾನಂತೆ. ಇಷ್ಟು ವರ್ಷದಲ್ಲಿ ಅದನ್ನೂ ನಾನು ಕೇಳಿರಲಿಲ್ಲ.

ಮಲ್ಪೆಗೆ ಫೋನ್ ಮಾಡಿದೆ. ಅಮ್ಮ ಯಾರದೋ ಅಂಗಳದಲ್ಲಿದ್ದರು, ಬೆಕ್ಕು ಕೂಗುವುದು ಕೇಳಿಸಿತು.

"ಕಣ್ಣು?"

"ಸ್ವಲ್ಪ ಮಬ್ಬು. ಒಳಗೆ ಹೋಗಿಲ್ಲ."

"ಕಿವಿರು?"

"ಕೆಂಪೂ ಅಲ್ಲ, ಕಂದೂ ಅಲ್ಲ."

"ಒತ್ತು."

ಒತ್ತಿದೆ. ಗುಳಿ ಬಿತ್ತು. ನಿಧಾನವಾಗಿ ಮೇಲೆ ಬಂತು.

"ಐದಾರು ದಿನದ್ದು. ತಗೋ, ತೊಂದರೆ ಇಲ್ಲ" ಎಂದರು ಅಮ್ಮ. "ಹುಳಿ ಮಾತ್ರ ಸ್ವಲ್ಪ ಜಾಸ್ತಿ ಹಾಕು ಮಗಾ."